ಹೆಬ್ಬೆರಳಿನ ಜಾಗ

ಕಾಪುವಿನ ಹತ್ತಿರ ಮೊದಲ ಸಲ ಕೇಳಿಸಿತು,
ಎಡಗಡೆ ಬಾಗಿಲೊಳಗೆ ಯಾರೋ ಕವಡೆ ಕುಲುಕಿದ ಹಾಗೆ:
ಕಟ ಕಟ. ಕಟ.
ಸುಗಂಧಿ ಏನೂ ಹೇಳದೆ ಹೆಬ್ಬೆರಳು ಒತ್ತಿದಳು,
ಹಿಡಿಯ ಸುತ್ತಲಿನ ಬೂದು ಪ್ಲಾಸ್ಟಿಕ್ಕಿನ ಮೇಲೆ.
ನಿಂತಿತು.

ಅದಾಗಿ ನಾಲ್ಕು ವರ್ಷ.
ಅವಳ ತಂಗಿಯ ಸೀಮಂತ, ನನ್ನ ಕಿಡ್ನಿಯ ಕಲ್ಲು,
ಕಂಕನಾಡಿಯ ಆಸ್ಪತ್ರೆಗೆ ಹೋದದ್ದು, ಬಂದದ್ದು,
ಹೆಬ್ಬೆರಳು ಅಲ್ಲೇ.
ಹೆಜಮಾಡಿ ಟೋಲಿನಲ್ಲಿ ಒಮ್ಮೆ ಬಿಡುವು.
ಮೂಲ್ಕಿ ಸೇತುವೆಯಲ್ಲಿ ಕೈ ಬದಲಾಯಿಸುತ್ತಾಳೆ.

ಶೋರೂಮಿನ ಹುಡುಗ ಟೈ ಸರಿಮಾಡಿಕೊಂಡು ಹೇಳಿದ:
ಬಿಡಿ ಭಾಗ ಸಿಗುವುದಿಲ್ಲ ಸರ್, ಇಡೀ ಪ್ಯಾಡೇ ತರಿಸಬೇಕು,
ನಾಲ್ಕು ಸಾವಿರದ ಇನ್ನೂರು, ಮತ್ತೆ ಕೂಲಿ.

ಮಂಗಳೂರಿನ ಬಂದರಿನಲ್ಲಿ ಇದಿನಬ್ಬ ಬ್ಯಾರಿಗಳು
ಹಾರ್ಲಿಕ್ಸ್ ಬಾಟಲಿ ಮಗುಚಿದರು. ಮೇಜಿನ ತುಂಬ ಕ್ಲಿಪ್ಪುಗಳು,
ಬಿಳಿ, ಹಸಿರು, ಉಗುರಿಗಿಂತ ಸಣ್ಣವು.
"ನಿಮ್ಮದು ಯಾವುದು? ಮುರಿದದ್ದನ್ನು ತರಲಿಲ್ವಾ?
ಬಾಯಿ ಮನೆಯಲ್ಲಿಟ್ಟು ಹಲ್ಲು ಕಟ್ಟಿಸ್ಲಿಕ್ಕೆ ಬಂದ ಹಾಗಾಯ್ತಲ್ಲ ಮಾರಾಯ್ರೆ."
ಎರಡೂ ಬಗೆಯದ್ದು ಹತ್ತತ್ತು ಕಟ್ಟಿಕೊಟ್ಟರು, ಹಳೆಯ ಪೇಪರಿನಲ್ಲಿ.
ಹಿಡಿಯ ಸುತ್ತಿನ ತುಂಡೂ ಸಿಕ್ಕಿತು,
ಗುಜರಿಗೆ ಬಂದ ಬೇರೆ ಯಾವುದೋ ಕಾರಿನದು. ಕಪ್ಪು.
ಒಟ್ಟು ಇನ್ನೂರ ಎಪ್ಪತ್ತು, ಚಹಾ ಅವರದ್ದೇ.

ಬೋಟುಗಳು ದಕ್ಕೆಯಲ್ಲಿ ಸುಮ್ಮನೆ ನಿಂತ ತಿಂಗಳು,
ಮಲ್ಪೆಯ ಐಸ್ ಪ್ಲಾಂಟಿನಲ್ಲಿ ನನಗೆ ಕೆಲಸ ಇಲ್ಲ.
ಬಿಸಿಲು ಬಿದ್ದ ಒಂದು ಹಗಲು ನೋಡಿ ಅಂಗಳದಲ್ಲಿ ಕೂತೆ.
ಸ್ಕ್ರೂ ಎರಡು.
ಉಪ್ಪುಗಾಳಿ ತಿಂದ ತಲೆ, ಮೂರನೆಯ ತಿರುವಿಗೆ
ಕಿರುಚಿಕೊಂಡು ಹೊರಗೆ ಬಂತು.
ಇನ್ನು ಮೀಟಬೇಕು. ಕಬ್ಬಿಣ ತಾಗಿಸಿದರೆ ಗೀರು,
ಅಡುಗೆಮನೆಯಿಂದ ದೋಸೆಯ ಮರದ ಸಟ್ಟುಗ ಕದ್ದೆ.

ಟಪ್.

ಮುರಿಯಿತು ಅಂದುಕೊಂಡೆ. ಇಲ್ಲ, ಬಿಟ್ಟುಕೊಂಡಿತು.
ಮುರಿಯುವ ಸದ್ದೂ ಬಿಡುವ ಸದ್ದೂ ಒಂದೇ ಥರ,
ಯಾವುದೆಂದು ಗೊತ್ತಾಗುವುದು ಕೈಗೆ, ಅದೂ ಆಮೇಲೆ.

ಬಾಗಿಲ ಹೊಟ್ಟೆಯಲ್ಲಿ ಒಂದು ಚಮಚ ಮರಳು,
ಬೂತಾಯಿಯ ಎರಡು ಪೊರೆ, ಇನ್ನೂ ಹೊಳೆಯುತ್ತಿವೆ,
ಒಂದು ರೂಪಾಯಿಯ ನಾಣ್ಯ ಮೂರು:
ಕಾರು ನಮ್ಮದಾಗುವ ಮೊದಲು ಯಾವುದೋ ಮಗು
ಕಿಟಕಿಯ ಸಂದಿಯನ್ನು ಹುಂಡಿ ಮಾಡಿಕೊಂಡಿತ್ತು.
ಮತ್ತೆ ಪ್ಯಾಡಿನ ಬೆನ್ನಿಗೆ, ಹಳದಿ ಬಳಪದಲ್ಲಿ,
ಉದ್ದ ಬಾಲದ ಒಂದು ಸರಿ ಗುರುತು.
ಕಾರ್ಖಾನೆಯಲ್ಲಿ ಯಾರೋ ನೋಡಿದ್ದಾನೆ, ಒಪ್ಪಿದ್ದಾನೆ,
ಮುಂದಿನ ಬಾಗಿಲಿಗೆ ಹೋಗಿದ್ದಾನೆ.
ಹದಿನೇಳು ವರ್ಷ ಕತ್ತಲಲ್ಲಿ ಆ ಗುರುತು,
ಓದುವವರಿಲ್ಲದೆ.
ಪಕ್ಕದಲ್ಲಿ ನಾನೂ ಒಂದು ಹಾಕಿದೆ, ಪೆನ್ಸಿಲಲ್ಲಿ, ಸಣ್ಣದು.
ಕೆಲಸ ಮುಗಿಯುವ ಮೊದಲೇ ಹಾಕಿದ್ದು,
ಹಾಗಾಗಿ ಸ್ವಲ್ಪ ಸುಳ್ಳು.

ಅಂಗೈಯ ಬುಡದಿಂದ ಒತ್ತುತ್ತ ಬಂದೆ, ಮೇಲಿಂದ ಕೆಳಗೆ.
ಒಂಬತ್ತು ಕ್ಲಿಪ್. ಎಂಟರ ಸದ್ದು ಕೇಳಿಸಿತು.
ಒಂಬತ್ತನೆಯದು ಕೂತಿದೆ ಎಂದು ನಂಬಿದೆ.
ಬೂದು ಬಾಗಿಲಲ್ಲಿ ಕಪ್ಪು ತುಂಡು,
ಬ್ಯಾರಿಗಳು ಹೇಳಿದ್ದು ನೆನಪಾಯಿತು: ಕಟ್ಟಿಸಿದ ಹಲ್ಲೇ.
ಒಂದು ವಾಷರ್ ಮಾತ್ರ ಉಳಿದು, ಎಲ್ಲಿಯದೆಂದು ತಿಳಿಯದೆ,
ಅಂಗಿಯ ಕಿಸೆಗೆ ಹೋಯಿತು.

ಸಂಜೆ ಕಟಪಾಡಿಯವರೆಗೆ ಹೋಗಿ ನೋಡಿದೆವು.
ಉದ್ಯಾವರದ ಸೇತುವೆ ಬಂತು, ಹೋಯಿತು.
ಬಾಗಿಲು ಬಾಯಿ ಬಿಡಲಿಲ್ಲ.
"ಹೇಗೆ?" ಅಂದೆ.
"ಎಂತ ಹೇಗೆ? ಸಟ್ಟುಗಕ್ಕೆ ಕಾರಿನ ವಾಸನೆ ಉಂಟು."
ಓರೆಗಣ್ಣಿಂದ ನೋಡಿದೆ.
ಕಪ್ಪು ತುಂಡಿನ ಮೇಲೆ ಅವಳ ಹೆಬ್ಬೆರಳು,
ಒತ್ತುತ್ತಿರಲಿಲ್ಲ, ಇತ್ತು ಅಷ್ಟೆ.
"ಕೈ ತೆಗಿ, ಇನ್ನು ಅದು ಬೇಡ," ಅಂದೆ.
"ನೀವು ದಾರಿ ನೋಡಿ," ಅಂದಳು.